ಓಣಿಯಿಂದ ಬಂದ ತಿದ್ದುಪಡಿ

ಸಮಾಜಕಾರ್ಯ ಓದುತ್ತೇನೆಂದು ಮಗನೋ ಮಗಳೋ ಹೇಳಿದಾಗ ಮನೆಯ ಹಿರಿಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, “ಬಡವರಿಗೆ ನೆರವಾಗಲು ಪದವಿ ಏತಕ್ಕೆ?” ಎಂಬುದು. ಪ್ರಶ್ನೆ ನ್ಯಾಯವಾದದ್ದೇ. ಅಕ್ಕಿ ಹಂಚಲು, ಬಟ್ಟೆ ಕೊಡಲು ಯಾರಿಗೂ ಪ್ರಮಾಣಪತ್ರ ಬೇಕಿಲ್ಲ. ಆದರೆ ಕೊಡುವ ಕೈಯನ್ನು ತುಸು ತಡೆದು, ಎದುರಿಗಿರುವವರ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವುದನ್ನು ಮಾತ್ರ ಕಲಿತೇ ತಿಳಿಯಬೇಕು.

ನಮ್ಮ ದೇಶದಲ್ಲಿ ಈ ಶಿಕ್ಷಣ ಹುಟ್ಟಿದ್ದೇ ಜನರ ಕೇರಿಯಲ್ಲಿ. ಅಮೆರಿಕದಿಂದ ಬಂದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರು 1926ರಲ್ಲಿ ಮುಂಬಯಿಯ ನಾಗಪಾಡಾದಲ್ಲಿ ನೆರೆಹೊರೆಯವರಿಗಾಗಿ ಒಂದು ಸೇವಾಕೇಂದ್ರವನ್ನು ತೆರೆದರು. ಅಲ್ಲಿನ ಅನುಭವದ ಫಲವಾಗಿ 1936ರಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನ ಸಮಾಜಕಾರ್ಯ ಶಾಲೆ ಆರಂಭವಾಯಿತು. ಅದೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ಮಂಗಳೂರಿನಲ್ಲಿ ರೋಶನಿ ನಿಲಯದ ಸಮಾಜಕಾರ್ಯ ಕಾಲೇಜು 1960ರಲ್ಲಿ ಸ್ಥಾಪನೆಯಾಯಿತು. ಕೇರಿಯ ಆ ಗುರುತು ಪಠ್ಯಕ್ರಮದಲ್ಲಿ ಉಳಿದುಬಂದಿದೆ. ನಾವು ಓದುವಾಗ ವಾರದಲ್ಲಿ ಎರಡು ದಿನ ಕ್ಷೇತ್ರಕಾರ್ಯವಿರುತ್ತಿತ್ತು. ಕಂಡದ್ದನ್ನೆಲ್ಲ ವರದಿಯಾಗಿ ಬರೆದು ಮಾರ್ಗದರ್ಶಕರ ಮುಂದಿಡಬೇಕಿತ್ತು.

2005ರಲ್ಲಿ ಮಂಗಳೂರಿನಲ್ಲಿ ಓದುತ್ತಿದ್ದ ನನ್ನ ಪಾಲಿಗೆ ಬಂದದ್ದು ನಗರದಂಚಿನ ಒಂದು ಓಣಿ. ಅಲ್ಲಿ ಹೆಚ್ಚಿನ ಮನೆಗಳ ಜಗಲಿಯಲ್ಲಿ ಹೆಂಗಸರು ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಮೊರ, ಅದರಲ್ಲಿ ನೆನೆಸಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲು. ಮಾತಾಡುವಾಗಲೂ ಬೆರಳುಗಳು ನಿಲ್ಲುತ್ತಿರಲಿಲ್ಲ. ಸಾವಿರ ಬೀಡಿಗೆ ಇಷ್ಟೆಂಬ ಕೂಲಿ. ನಿಂತರೆ ನಷ್ಟ ಅವರಿಗೇ.

ಅವರಲ್ಲೊಬ್ಬ ತಾಯಿಯ ಮಗಳು ಹತ್ತನೆಯ ತರಗತಿಯಲ್ಲಿದ್ದಳು. ಬೀಡಿ ಕಾರ್ಮಿಕರ ಮಕ್ಕಳಿಗೆ ಕಲ್ಯಾಣ ನಿಧಿಯಿಂದ ವಿದ್ಯಾರ್ಥಿವೇತನವಿತ್ತು. 1976ರ ಕಾಯಿದೆಯಿಂದ ಆ ನಿಧಿ ಸ್ಥಾಪನೆಯಾಗಿತ್ತು. ಮನೆಯಲ್ಲಿ ಕುಳಿತು ಕಟ್ಟುವವರನ್ನೂ ಕಾರ್ಮಿಕರೆಂದೇ 1966ರ ಇನ್ನೊಂದು ಕಾಯಿದೆ ಗುರುತಿಸಿತ್ತು. ಆದರೆ ಈ ತಾಯಿ ಹದಿನಾಲ್ಕು ವರ್ಷಗಳಿಂದ ಕಟ್ಟುತ್ತಿದ್ದದ್ದು ನೆರೆಮನೆಯಾಕೆಯ ಪುಸ್ತಕದಲ್ಲಿ. ಎಲೆಯ ಲೆಕ್ಕ, ಕೂಲಿಯ ಲೆಕ್ಕ ಎಲ್ಲವೂ ಆಕೆಯ ಹೆಸರಿಗೆ. ಕಾಗದದ ಪ್ರಕಾರ ಈ ತಾಯಿ ಒಂದೇ ಒಂದು ಬೀಡಿಯನ್ನೂ ಕಟ್ಟಿದವಳಲ್ಲ! ಮಗಳನ್ನು ಮುಂದೆ ಓದಿಸುವುದಿಲ್ಲವೆಂದು ಆಕೆ ನಿರ್ಧರಿಸಿಯೂ ಆಗಿತ್ತು. “ಇನ್ನು ಅವಳೂ ಮೊರ ಹಿಡಿಯಲಿ ಟೀಚರೇ, ಕೈ ಚುರುಕಿದೆ,” ಎಂದಳು.

ಕಾಲೇಜಿನಲ್ಲಿ ನಮ್ಮದೊಂದು ಬೀದಿನಾಟಕ ತಂಡವಿತ್ತು. ವಾರ್ಷಿಕೋತ್ಸವದ ಗದ್ದಲ, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ, ಹಾಸ್ಟೆಲಿನ ಗಂಜಿಯೂಟದ ಜಗಳ ಇವುಗಳ ನಡುವೆ ಸಂಜೆಯ ಹೊತ್ತು ಅಭ್ಯಾಸ ಸಾಗುತ್ತಿತ್ತು. ಈ ಪುಸ್ತಕದ ಕಥೆಯನ್ನೇ ನಾಟಕ ಮಾಡೋಣವೆಂದು ಒಬ್ಬ ಗೆಳತಿ ಸೂಚಿಸಿದಳು. ಕಥೆ ಅವರದಾದ್ದರಿಂದ ಓಣಿಯ ಒಪ್ಪಿಗೆ ಕೇಳಿದೆವು. ಅವರು ಎರಡು ವಾರ ಯೋಚಿಸಿ, “ಮೊದಲು ನಾವು ನೋಡಬೇಕು,” ಎಂದರು.

ಒಂದು ಭಾನುವಾರ ಮಧ್ಯಾಹ್ನ ಒಂಬತ್ತು ಮಂದಿ ಕಾಲೇಜಿಗೆ ಬಂದರು. ಅದರ ಗೇಟಿನ ಮುಂದೆ ನಿತ್ಯವೂ ಬಸ್ಸಿನಲ್ಲಿ ಹಾದುಹೋಗುವವರೇ. ಒಳಗೆ ಕಾಲಿಟ್ಟದ್ದು ಅಂದೇ ಮೊದಲು. ಸಭಾಂಗಣದ ಕೊನೆಯ ಬೆಂಚಿನಲ್ಲಿ ಸೆರಗು ಹೊದ್ದು ಕುಳಿತರು. ನಾಟಕದಲ್ಲಿ ಗುತ್ತಿಗೆದಾರನ ಪಾತ್ರಧಾರಿ ಮೀಸೆ ತಿರುವಿ ಗದರುತ್ತಿದ್ದ. ಅಷ್ಟರಲ್ಲಿ ಆ ತಾಯಿ ಎದ್ದು ನಿಂತಳು.

“ಹಾಗಲ್ಲ ಮಗ. ಅವರು ಬೈಯುವುದಿಲ್ಲ, ನಗುತ್ತಾರೆ. ನಗುನಗುತ್ತಲೇ ಒಂದೊಂದು ಹಿಡಿ ಬೀಡಿ ಸರಿಯಿಲ್ಲವೆಂದು ಬದಿಗಿಡುತ್ತಾರೆ. ಬೈದಿದ್ದರೆ ನಾವು ಎಂದೋ ತಿರುಗಿ ಮಾತಾಡುತ್ತಿದ್ದೆವು.”

ತರಗತಿಯಲ್ಲಿ ಅಧಿಕಾರ, ಶೋಷಣೆ ಎಂಬ ಪದಗಳಿಗೆ ಪುಟಗಟ್ಟಲೆ ಟಿಪ್ಪಣಿ ಬರೆದುಕೊಂಡಿದ್ದೆವು. ಆ ನಗು ಯಾವ ಟಿಪ್ಪಣಿಯಲ್ಲೂ ಇರಲಿಲ್ಲ. ಹುಡುಗ ಮೀಸೆ ಕಿತ್ತಿಟ್ಟು ನಗುವುದನ್ನು ಅಭ್ಯಾಸ ಮಾಡಿದ. ಹೆಂಗಸರು ಬಿದ್ದುಬಿದ್ದು ನಕ್ಕರು, ಮರುಗಳಿಗೆಯಲ್ಲೇ ಸುಮ್ಮನಾದರು.

ನಾಟಕ ಆ ಓಣಿಯಲ್ಲೂ ಪಕ್ಕದ ಎರಡು ಓಣಿಗಳಲ್ಲೂ ನಡೆಯಿತು. ಅದರಿಂದ ಲೋಕವೇನೂ ಬದಲಾಗಲಿಲ್ಲ. ಗುತ್ತಿಗೆದಾರನೂ ಬಂದು ನೋಡಿ ಚಪ್ಪಾಳೆ ತಟ್ಟಿದ. ಆದರೆ ಮರುವಾರ ಜಗಲಿಯಲ್ಲಿ ಕುಳಿತು ಯಾರು ಯಾರ ಪುಸ್ತಕದಲ್ಲಿ ಕಟ್ಟುತ್ತಿದ್ದಾರೆಂಬ ಪಟ್ಟಿಯನ್ನು ಅವರೇ ಮಾಡಿದರು. ಬರೆದವಳು ಹತ್ತನೆಯ ತರಗತಿಯ ಆ ಹುಡುಗಿ. ತನ್ನ ಪುಸ್ತಕ ಕೊಟ್ಟಿದ್ದ ನೆರೆಮನೆಯಾಕೆಗೆ ಮುಖಭಂಗವಾಗಬಾರದೆಂದು ಅವಳ ಹೆಸರನ್ನು ಮೊದಲು ಬರೆಸಿ, ಅವಳಿಂದಲೇ ಮನವಿಗೆ ಮೊದಲ ಸಹಿ ಹಾಕಿಸಿದರು. ಅಂಥ ಜಾಣ್ಮೆ ನಮಗೆ ಹೊಳೆಯುತ್ತಿರಲಿಲ್ಲ.

ಆ ವರ್ಷದ ವಿದ್ಯಾರ್ಥಿವೇತನ ಹುಡುಗಿಗೆ ಸಿಗಲಿಲ್ಲ, ಅರ್ಜಿಯ ದಿನ ಮೀರಿತ್ತು. ತಾಯಿ ಕಿವಿಯ ಬೆಂಡೋಲೆ ಅಡವಿಟ್ಟು ಅವಳನ್ನು ಪಿಯುಸಿಗೆ ಸೇರಿಸಿದಳು.

ಪುಸ್ತಕ ಬಂದದ್ದು ನಾನು ಪರೀಕ್ಷೆ ಮುಗಿಸಿ ಊರು ಬಿಟ್ಟ ಮೇಲೆ. ನನ್ನ ತರುವಾಯ ಆ ಓಣಿಗೆ ಹೋದ ಕಿರಿಯ ವಿದ್ಯಾರ್ಥಿನಿ ಪತ್ರ ಬರೆದು ತಿಳಿಸಿದಳು. ಪುಸ್ತಕದ ಮೇಲೆ ಹೆಸರಿನ ಒಂದಕ್ಷರ ತಪ್ಪಾಗಿತ್ತಂತೆ. ತಾನು ಹೋಗಿ ಸರಿಮಾಡಿಸುತ್ತೇನೆಂದು ಇವಳು ಹೇಳಿದರೆ, “ನೀವು ಕೂತುಕೊಳ್ಳಿ ಟೀಚರೇ,” ಎಂದು ಆ ತಾಯಿ ಮೊರ ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ತಾನೇ ಕಚೇರಿಗೆ ಹೊರಟಳಂತೆ.