ಬೇಲೂರಿನ ಮನೆ ಅಂಗಳದಲ್ಲಿ ಒಂದು ಕ್ಯಾಂಪರ್ ವ್ಯಾನ್

ನಮ್ಮ ಮನೆಗೆ ಕ್ಯಾಂಪರ್ ವ್ಯಾನ್ ಬಂದಿದ್ದು ಶೋಕಿಗಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ, ಜೊತೆಗೆ ಮಂಡಿನೋವು. ಬಸ್ಸಲ್ಲಿ ಹೋಗಬೇಕು ಅಂದ್ರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯೋದು ಕಮ್ಮಿ ಮಾಡ್ತಿದ್ರು. ದಾರಿಯಲ್ಲಿ ಟಾಯ್ಲೆಟ್ ಸಿಗದಿದ್ರೆ ಅನ್ನೋ ಭಯ. ಮದುವೆ, ಗೃಹಪ್ರವೇಶ ಯಾವುದಕ್ಕೆ ಕರೆದರೂ “ನೀವೇ ಹೋಗ್ಬನ್ನಿ” ಅನ್ನೋದು ಅಭ್ಯಾಸವಾಗಿತ್ತು. ಅದಕ್ಕೇ ಅಣ್ಣ ಸೆಕೆಂಡ್ ಹ್ಯಾಂಡ್ ವ್ಯಾನ್ ತಂದ. ಮಲಗೋಕೆ ಜಾಗ, ಚಿಕ್ಕ ಒಲೆ, ಮುಖ್ಯವಾಗಿ ಒಂದು ಟಾಯ್ಲೆಟ್. ನಾಲ್ಕು ವರ್ಷದ ನಂತರ ಅಮ್ಮ ಧರ್ಮಸ್ಥಳಕ್ಕೆ ಹೋಗಿ ಬಂದರು.

ಪ್ರಶ್ನೆ ಶುರುವಾಗಿದ್ದು ಆಮೇಲೆ. ವರ್ಷಕ್ಕೆ ಮೂವತ್ತು ದಿನ ಓಡೋ ಗಾಡಿ ಉಳಿದ ದಿನ ಎಲ್ಲಿ ನಿಲ್ಲಬೇಕು?

ನಮ್ಮ ಮನೆ ಇರೋದು ಬೇಲೂರಿನ ಚೆನ್ನಕೇಶವ ದೇವಸ್ಥಾನದ ಹತ್ತಿರ. ಮಳೆಗಾಲಕ್ಕೆ ಮುಂಚೆ ಅಂಗಳದಲ್ಲಿ ನಾಲ್ಕು ಕಬ್ಬಿಣದ ಕಂಬ ನೆಟ್ಟು, ಮೇಲೆ ಶೀಟ್ ಹಾಕಿಸೋಣ ಅಂತ ಅಣ್ಣ ಹೊರಟ. ಅಪ್ಪ ರಿಟೈರ್ಡ್ ಮೇಷ್ಟ್ರು. “ಕಂಬ ನೆಡೋಕೆ ಮುಂಚೆ ಕಾನೂನು ನೋಡ್ರೋ” ಅಂದ್ರು. ನಾನು ಫೋನ್ ಹಿಡಿದು ಓದೋಕೆ ಕೂತೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಈ ನಿಯಮ ಬಂತು ಅಂತ ನಮ್ಮ ಬೀದಿಯಲ್ಲಿ ಹಲವರ ನಂಬಿಕೆ. ಹಾಗಲ್ಲ. ಪ್ರಾಚೀನ ಸ್ಮಾರಕಗಳ ಕಾಯ್ದೆ 1958ರದ್ದು. 1992ರ ಅಧಿಸೂಚನೆಯಲ್ಲಿ ಬಂದ ಮಿತಿಯನ್ನು 2010ರ ತಿದ್ದುಪಡಿ ಇನ್ನೂ ಬಿಗಿ ಮಾಡಿತು. ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಗಡಿಯಿಂದ. ಮೊದಲ ನೂರು ಮೀಟರಿನಲ್ಲಿ ಹೊಸ ಕಟ್ಟಡ ಕಟ್ಟೋ ಹಾಗೇ ಇಲ್ಲ, ಹಳೇ ಮನೆ ರಿಪೇರಿಗೂ ಅನುಮತಿ ಬೇಕು. ಮೀರಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಹಳೇಬೀಡಿನ ಹೊಯ್ಸಳೇಶ್ವರ, ಅರಸೀಕೆರೆಯ ಈಶ್ವರ ದೇವಸ್ಥಾನದ ಸುತ್ತಲೂ ಇದೇ ಲೆಕ್ಕ.

ನಮ್ಮ ಮನೆ ಆ ನೂರರ ಒಳಗೇ ಬರುತ್ತೆ. ಶೆಡ್ಡಿನ ಮಾತು ಅಲ್ಲಿಗೇ ಮುಗೀತು.

ಆದರೆ ಚಕ್ರ ಇರೋ ಗಾಡಿ ಕಟ್ಟಡವಲ್ಲವಲ್ಲ! ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್‌ ಅನ್ನು ಕೇಂದ್ರ ಸರ್ಕಾರದ 2004ರ ಅಧಿಸೂಚನೆ ಕಾರು, ಬೈಕುಗಳ ಹಾಗೆ ಸಾರಿಗೆಯೇತರ ವಾಹನದ ಸಾಲಿಗೆ ಸೇರಿಸಿದೆ. ನಮ್ಮದೇ ಅಂಗಳದಲ್ಲಿ ನಿಲ್ಲಿಸಬಾರದು ಅಂತ ಹೇಳೋ ನಿಯಮ ನನ್ನ ಕಣ್ಣಿಗೆ ಬೀಳಲಿಲ್ಲ. ಬೀದಿಯ ಮಾತು ಬೇರೆ. ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆಗಿಂತ ಹೆಚ್ಚು ಹೊತ್ತು ಬಿಟ್ಟುಹೋದ ವಾಹನವನ್ನು ಎತ್ತಿಸೋ ಅಧಿಕಾರ ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನಲ್ಲಿ ಪೊಲೀಸರಿಗಿದೆ. ಸರಿ, ಅಂಗಳದಲ್ಲೇ ಬಾಡಿ ಕವರ್ ಹಾಕಿ ನಿಲ್ಲಿಸಿದೆವು.

ಮೂರನೇ ದಿನ ಪಕ್ಕದ ಮನೆ ಅಜ್ಜಿ ಕಾಂಪೌಂಡಿನ ಹತ್ತಿರ ನಿಂತು ಕರೆದರು. “ಬೆಳಗ್ಗೆ ಎದ್ದು ಕಿಟಕಿ ತೆಗೆದ್ರೆ ಗೋಪುರ ಕಾಣ್ತಿತ್ತು ಕಣಮ್ಮ. ಈಗ ನಿಮ್ಮ ಗಾಡೀನೇ ಕಾಣುತ್ತೆ.” ಜಗಳದ ದನಿ ಅಲ್ಲ. ಅದಕ್ಕೇ ನನಗೆ ಉತ್ತರ ತೋಚಲಿಲ್ಲ.

ಅಣ್ಣನದು ಒಂದೇ ವಾದ: “ನಮ್ಮ ಜಾಗ, ಯಾವ ಕಾನೂನೂ ಅಡ್ಡ ಇಲ್ಲ.” ನಿಜವೇ. ದೇವಸ್ಥಾನದ ಸುತ್ತ ಏನೂ ಏಳಬಾರದು ಅಂತ ಕಾನೂನಿದೆ. ಅಜ್ಜಿಯ ಕಿಟಕಿ ಮುಂದೆ ಗಾಡಿ ನಿಲ್ಲಬಾರದು ಅಂತ ಇಲ್ಲ. ಆ ಅಜ್ಜಿ ಮನೆಯಿಂದ ಹೊರಗೆ ಬರೋದೇ ಅಪರೂಪ.

ಅಮೆರಿಕದಲ್ಲಿರೋ ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿದೆ. ಅವನ ಬಡಾವಣೆಯ ನಿವಾಸಿಗಳ ಸಂಘ ಮನೆ ಮುಂದೆ ಇಂಥ ಗಾಡಿ ನಿಲ್ಲಿಸೋಕೇ ಬಿಡಲ್ಲವಂತೆ. ಊರಾಚೆ ಬಾಡಿಗೆ ಜಾಗದಲ್ಲಿ ಇಟ್ಟಿದ್ದಾನೆ. “ನಿಯಮ ಬರೆದಿಟ್ಟಿರೋದ್ರಿಂದ ಪಕ್ಕದ ಮನೆಯವರ ಹತ್ರ ಮಾತಾಡೋ ಕೆಲಸವೇ ಇಲ್ಲ” ಅಂದ. ಅವನು ಅದನ್ನ ಅನುಕೂಲ ಅಂತಲೇ ಹೇಳಿದ್ದು.

ಅರಸೀಕೆರೆಯಲ್ಲಿರೋ ಮಾವ “ನಮ್ಮ ತೋಟದಲ್ಲಿ ಬಿಡಿ” ಅಂದ್ರು. ಅಲ್ಲಿ ಇರೋದೆಲ್ಲ ತೆಂಗಿನ ಮರ. ಒಂದು ಕಾಯಿ ಬಿದ್ರೆ ಗಾಡಿಯ ಟಾಪ್ ಕಥೆ ಮುಗೀತು. ಅದಕ್ಕಿಂತ ಹೆಚ್ಚಾಗಿ, ಗಾಡಿ ಹತ್ತೋಕೆ ಅಮ್ಮ ಮೊದಲು ಬಸ್ಸು ಹತ್ತಿ ಅರಸೀಕೆರೆಗೆ ಹೋಗಬೇಕು. ಹಾಗಾದ್ರೆ ಗಾಡಿ ತಂದಿದ್ದು ಯಾಕೆ?

ತೀರ್ಮಾನ ಮಾಡಿದ್ದು ಅಮ್ಮ. ಅಂಗಳದ ಇನ್ನೊಂದು ಬದಿಯಲ್ಲಿದ್ದ ಬಟ್ಟೆ ಒಗೆಯೋ ಕಲ್ಲನ್ನು ಹಿತ್ತಿಲಿಗೆ ಸಾಗಿಸಿ, ಗಾಡಿಯನ್ನು ಆ ಕಡೆಗೆ ಒತ್ತಿಸಿದರು. ಈಗ ಮುಚ್ಚಿರೋದು ನಮ್ಮ ಹಾಲ್ ಕಿಟಕಿ. ಟಾಯ್ಲೆಟ್ ಟ್ಯಾಂಕನ್ನು ಚರಂಡಿಗೆ ಬಿಡಲ್ಲ, ಮನೆಯ ಟಾಯ್ಲೆಟ್ಟಿಗೇ ಸುರಿದು ತೊಳೀತೀವಿ ಅಂತ ಅಜ್ಜಿಗೆ ಅಮ್ಮನೇ ಹೋಗಿ ಹೇಳಿ ಬಂದರು. ಚೈತ್ರದಲ್ಲಿ ರಥೋತ್ಸವಕ್ಕೆ ನೆಂಟರು ಬಂದು ಅಂಗಳ ತುಂಬುವಾಗ ಗಾಡಿ ಬೇರೆ ಕಡೆ ಇಡೋದು ಅಣ್ಣನ ಜವಾಬ್ದಾರಿ.

ನೀವೂ ಅಪ್ಪ-ಅಮ್ಮನಿಗಾಗಿ ಇಂಥ ಗಾಡಿ ನೋಡ್ತಾ ಇದ್ರೆ, ಅಡ್ವಾನ್ಸ್ ಕೊಡೋಕೆ ಮುಂಚೆ ಟೇಪು ಹಿಡಿದು ಅಂಗಳ ಅಳೆಯಿರಿ. ಒಳಗಡೆ ಬದಲಾವಣೆ ಮಾಡಿದ್ದಕ್ಕೆ ಆರ್‌ಟಿಒ ಒಪ್ಪಿಗೆ ಆಗಿ ಆರ್‌ಸಿಯಲ್ಲಿ ದಾಖಲಾಗಿದೆಯಾ ನೋಡಿ. ಹತ್ತಿರ ಸ್ಮಾರಕ ಇದ್ರೆ ಗಡಿ ಎಲ್ಲಿಂದ ಅಂತ ವಿಚಾರಿಸಿ. ಆಮೇಲೆ ಪಕ್ಕದ ಮನೆಗೆ ಹೋಗಿ, ಅವರ ಕಿಟಕಿಯಿಂದ ನಿಮ್ಮ ಅಂಗಳ ಒಂದ್ಸಲ ನೋಡಿ.

ನಮ್ಮ ಹಾಲ್‌ನಲ್ಲಿ ಈಗ ಹಗಲಲ್ಲೂ ಲೈಟ್ ಹಾಕಬೇಕು. ಅಮ್ಮನಿಗೆ ಅದರ ಬಗ್ಗೆ ಬೇಜಾರಿಲ್ಲ. ಮುಂದಿನ ಸಲ ಶೃಂಗೇರಿಗೆ ಹೋಗೋಣ ಅಂತ ಕ್ಯಾಲೆಂಡರ್ ನೋಡ್ತಿದ್ದಾರೆ.