ಪೊರೆಯುವ ಪೊರೆ

‘ಕಣ್ಣಿಗೆ ಪೊರೆ ಬಂದಿದೆ’ ಎಂಬ ಮಾತು ಕೇಳಿದೊಡನೆ ನಮ್ಮ ಮನೆಗಳಲ್ಲಿ ಆತಂಕ ಮೂಡುತ್ತದೆ. ಪೊರೆಯೆಂದರೆ ಬೆಳಕಿಗೆ ಅಡ್ಡವಾಗುವ ತೆರೆಯೆಂದೇ ನಮ್ಮ ಎಣಿಕೆ. ಆದರೆ ಕನ್ನಡದಲ್ಲಿ ಆ ಪದಕ್ಕೆ ಸಲಹು, ಕಾಪಾಡು ಎಂಬ ಅರ್ಥವೂ ಉಂಟು. ಗಾಯಗೊಂಡ ಕಣ್ಣನ್ನು ಪೊರೆಯುವ ಒಂದು ಪೊರೆಯ ವಿಚಾರವನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ಕಣ್ಣಿನ ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ಭತ್ತದ ತೆನೆ, ಕಬ್ಬಿನ ಗರಿ ಅಥವಾ ಕಡ್ಡಿ ತಗಲಿ ಅದರ ಮೇಲೆ ಗೀರು ಬಿದ್ದರೆ, ಶಿಲೀಂಧ್ರವೋ ಬ್ಯಾಕ್ಟೀರಿಯವೋ ಒಳಹೊಕ್ಕು ಹುಣ್ಣಾಗುತ್ತದೆ. ನನ್ನ ಚಿಕ್ಕಮ್ಮನಿಗೆ ಆದದ್ದೂ ಇದೇ. ಭತ್ತ ತೂರುವಾಗ ಹಾರಿದ ಹೊಟ್ಟು ಅವರ ಬಲಗಣ್ಣಿಗೆ ಬಿತ್ತು. ಕೆಲವೇ ದಿನಗಳಲ್ಲಿ ಕಣ್ಣು ಕೆಂಡವಾಗಿ, ಕರಿಗುಡ್ಡೆಯ ಮೇಲೆ ಬಿಳಿಯ ಮಚ್ಚೆ ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ಹುಣ್ಣನ್ನು ಕೆರೆದು ಪರೀಕ್ಷಿಸಿದಾಗ ಅದು ಶಿಲೀಂಧ್ರವೆಂದು ತಿಳಿಯಿತು. ಎಚ್ಚರವಿದ್ದಷ್ಟು ಹೊತ್ತೂ ಗಂಟೆಗೊಮ್ಮೆ ನೇಟಮೈಸಿನ್ ಹನಿ ಹಾಕಿದೆವು. ವಾರಗಳ ಬಳಿಕ ಸೋಂಕೇನೋ ಅಡಗಿತು. ಗಾಯ ಮಾತ್ರ ಮುಚ್ಚಿಕೊಳ್ಳಲಿಲ್ಲ. ಹೀಗೆಯೇ ಬಿಟ್ಟರೆ ಪಟಲ ಸವೆದು ತೂತಾಗಬಹುದೆಂದು ಎಚ್ಚರಿಸಿದ ವೈದ್ಯರು, ಆಮ್ನಿಯಾನ್ ಪೊರೆಯನ್ನು ಹೊದಿಸುವ ಶಸ್ತ್ರಚಿಕಿತ್ಸೆಯನ್ನು ಸೂಚಿಸಿದರು.

ಗರ್ಭದಲ್ಲಿ ಮಗುವನ್ನೂ ಅದರ ಸುತ್ತಲಿನ ನೀರನ್ನೂ ಹಿಡಿದಿಡುವ ಚೀಲದ ಅತ್ಯಂತ ಒಳಗಿನ ಪದರವೇ ಆಮ್ನಿಯಾನ್. ಅದರಲ್ಲಿ ರಕ್ತನಾಳಗಳಿಲ್ಲ, ನರಗಳಿಲ್ಲ. ಹೆರಿಗೆಯ ನಂತರ ಮಾಸಿನೊಡನೆ ಹೊರಬೀಳುವ ಇದನ್ನು ನಮ್ಮ ಹಿರಿಯರು ಹಿತ್ತಲಲ್ಲಿ ಹೂಳುತ್ತಿದ್ದರು. ಆಸ್ಪತ್ರೆಗಳಲ್ಲಿ ಇದು ಸಾಮಾನ್ಯವಾಗಿ ತ್ಯಾಜ್ಯದ ಪಾಲಾಗುತ್ತದೆ. 1940ರಲ್ಲಿ ಡಿ ರಾತ್ ಎಂಬ ವೈದ್ಯರು ಗರ್ಭದ ಪೊರೆಗಳನ್ನು ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಬಳಸಿದರು. ಬಳಿಕ ದಶಕಗಳ ಕಾಲ ಬಹುಮಟ್ಟಿಗೆ ಮರೆತುಹೋಗಿದ್ದ ಈ ವಿಧಾನಕ್ಕೆ, 1995ರಲ್ಲಿ ಕಿಮ್ ಮತ್ತು ಸೆಂಗ್ ಎಂಬವರು ಮೊಲದ ಕಣ್ಣುಗಳ ಮೇಲೆ ನಡೆಸಿದ ಪ್ರಯೋಗ ಮರುಜೀವ ನೀಡಿತು.

ಮೊದಲೇ ನಿಗದಿಯಾದ ಸಿಸೇರಿಯನ್ ಹೆರಿಗೆಯಲ್ಲಿ, ತಾಯಿಯ ಒಪ್ಪಿಗೆ ಪಡೆದು ಮಾಸನ್ನು ಸಂಗ್ರಹಿಸುತ್ತಾರೆ. ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಇಲ್ಲವೆಂಬುದನ್ನು ಆಕೆಯ ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಪೊರೆಯನ್ನು ಬಿಡಿಸಿ, ತೊಳೆದು, ವಿಶೇಷ ಕಾಗದದ ಮೇಲೆ ಹರಡಿ, ಸೊನ್ನೆಗಿಂತ 80 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತದಲ್ಲಿ ಕಾಪಿಡುತ್ತಾರೆ.

ಇದನ್ನೆಲ್ಲ ಕೇಳಿದ ಚಿಕ್ಕಮ್ಮ ಹಿಂಜರಿದರು. ಮಾಸೆಂದರೆ ಮೈಲಿಗೆಯೆಂದು ನಂಬಿದ ಕಾಲದವರು ಅವರು. ‘ಯಾವ ತಾಯಿಯದೋ ಏನೋ!’ ಎಂದು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಅವರೇ ಹೇಳಿದರು: ‘ಒಂಬತ್ತು ತಿಂಗಳು ಕೂಸನ್ನು ಕಾಪಾಡಿದ್ದು ನನ್ನ ಕಣ್ಣಿಗೆ ಕೇಡು ಮಾಡೀತೇನು?’

ಕೂದಲಿಗಿಂತ ತೆಳುವಾದ ದಾರದಿಂದ ಪೊರೆಯನ್ನು ಹೊಲಿದು, ಮೇಲೊಂದು ಮೃದುವಾದ ಲೆನ್ಸ್ ಇಟ್ಟರು. ಈ ಪೊರೆ ಉರಿಯೂತವನ್ನು ತಗ್ಗಿಸುತ್ತದೆ. ಕಣ್ಣಿನ ಸ್ವಂತ ಜೀವಕೋಶಗಳು ಹಬ್ಬಿ ಬೆಳೆಯಲು ಹಾಸಾಗುತ್ತದೆ. ಪರರ ದೇಹದ್ದಾದರೂ ಕಣ್ಣು ಸಾಮಾನ್ಯವಾಗಿ ಅದನ್ನು ತಿರಸ್ಕರಿಸುವುದಿಲ್ಲ. ಕೆಲವು ವಾರಗಳಲ್ಲಿ ತಾನೇ ಕರಗಿಹೋಗುತ್ತದೆ. ಚಿಕ್ಕಮ್ಮನ ಗಾಯ ಮುಚ್ಚಿತು, ಕಣ್ಣು ಉಳಿಯಿತು. ಕಲೆಯೊಂದು ಉಳಿದಿರುವುದರಿಂದ ನೋಟವಿನ್ನೂ ಮಂಜು. ಅದು ತಿಳಿಯಾಗಬೇಕಾದರೆ ಕಾರ್ನಿಯಾ ಕಸಿಯೇ ಆಗಬೇಕು. ಅದಕ್ಕೆ ಮೃತರೊಬ್ಬರ ನೇತ್ರದಾನ ಒದಗಬೇಕು.

ಆದ್ದರಿಂದ ನಿಮ್ಮಲ್ಲಿ ನನ್ನ ಬಿನ್ನಹವಿಷ್ಟೆ. ಹೊಲಗದ್ದೆಗಳಲ್ಲಿ ಕಣ್ಣಿಗೆ ಪೆಟ್ಟಾದರೆ ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸಗಳನ್ನು ಹಾಕದಿರಿ. ಅಂಗಡಿಯಿಂದ ಕೇಳಿ ತಂದ ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ ಶಿಲೀಂಧ್ರದ ಹುಣ್ಣು ಉಲ್ಬಣಿಸುತ್ತದೆ. ತಡಮಾಡದೆ ನೇತ್ರವೈದ್ಯರನ್ನು ಕಾಣಿರಿ. ಮನೆಯಲ್ಲಿ ಸಾವು ಸಂಭವಿಸಿದಾಗ, ಆ ದುಃಖದ ನಡುವೆಯೂ ಆರು ಗಂಟೆಗಳೊಳಗೆ ನೇತ್ರಬ್ಯಾಂಕಿಗೆ ತಿಳಿಸುವ ಮನಸ್ಸು ಮಾಡಿರಿ. ಹೆರಿಗೆಯ ಸಂದರ್ಭದಲ್ಲಿ ಆಸ್ಪತ್ರೆಯವರು ಮಾಸಿನ ದಾನಕ್ಕೆ ಒಪ್ಪಿಗೆ ಕೇಳಿದರೆ, ಅಂಜದೆ ಯೋಚಿಸಿರಿ. ತಾನು ಹೆತ್ತ ದಿನವೇ ಅಪರಿಚಿತರೊಬ್ಬರ ಕಣ್ಣನ್ನೂ ಪೊರೆದ ಆ ತಾಯಿಯ ಹೆಸರು ನಮಗೆ ತಿಳಿಯದು. ಆಕೆಯೂ ಆಕೆಯ ಮಗುವೂ ತಣ್ಣಗಿರಲೆಂದು ಚಿಕ್ಕಮ್ಮ ಇಂದಿಗೂ ದಿನಾಲೂ ಬೇಡಿಕೊಳ್ಳುತ್ತಾರೆ.