ಸೊನ್ನೆಯನ್ನೂ ಬರೆಯಬೇಕು

ಪ್ರಸಾದನಿಲಯದಲ್ಲಿದ್ದಾಗ ಚಿರಾಪುಂಜಿಯ ಹೆಸರನ್ನು ನಾವೆಲ್ಲರೂ ಕಂಠಪಾಠ ಮಾಡಿದವರೇ. ಮೇಘಾಲಯದ ಆ ಊರಿನಲ್ಲಿ 1860ರ ಆಗಸ್ಟಿನಿಂದ 1861ರ ಜುಲೈವರೆಗೆ ಸುರಿದ ಮಳೆ 26,461 ಮಿಲಿಮೀಟರು. ಹನ್ನೆರಡು ತಿಂಗಳ ಮಳೆಯಲ್ಲಿ ಇಂದಿಗೂ ಅದೇ ಜಗತ್ತಿನ ದಾಖಲೆ. ಭಾರತ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಅದಕ್ಕೂ ಮೊದಲೇ ಅಲ್ಲಿ ಮಳೆಯನ್ನು ಅಳೆದು ಬರೆದಿಟ್ಟವರ ನಿಷ್ಠೆಗೆ ನಾನು ತಲೆಬಾಗುತ್ತೇನೆ.

ಮಳೆಮಾಪಕದ ರಚನೆ ಸರಳವಾದುದು: ಒಂದು ಆಲಿಕೆ, ಅದರಡಿ ನೀರು ಕೂಡುವ ಪಾತ್ರೆ, ಗೀಟುಗಳುಳ್ಳ ಅಳತೆಯ ಗಾಜು. ನಮ್ಮ ದೇಶದಲ್ಲಿ ದಿನವೂ ಬೆಳಿಗ್ಗೆ 8.30ಕ್ಕೆ ಅದನ್ನು ನೋಡಿ ಬರೆಯುತ್ತಾರೆ. ಮಳೆ ಬಾರದಿದ್ದರೆ ಸೊನ್ನೆಯನ್ನು ಬರೆಯಲೇಬೇಕು. ಬರೆಯದೆ ಬಿಟ್ಟ ದಿನವು ಲೆಕ್ಕದಿಂದಲೇ ಜಾರಿಹೋಗುತ್ತದೆ.

1904ರಲ್ಲಿ ಇಲಾಖೆಯ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರ್ ಅವರು ದೇಶವಿದೇಶಗಳ ಇಂತಹ ಕೇಂದ್ರಗಳ ಅಂಕಿಗಳನ್ನು ಹೋಲಿಸಿಯೇ ಶಾಂತಸಾಗರದ ಮತ್ತು ಹಿಂದೂಮಹಾಸಾಗರದ ವಾಯುಭಾರಗಳು ತಕ್ಕಡಿಯ ತಟ್ಟೆಗಳಂತೆ ಏರಿಳಿಯುವುದನ್ನು ಕಂಡುಕೊಂಡರು. ಮುಂಗಾರಿನ ಮುನ್ಸೂಚನೆಗೆ ಆ ಅರಿವು ಇಂದಿಗೂ ಆಧಾರ.

ನಮ್ಮ ತಾಲ್ಲೂಕುಗಳಲ್ಲಿಯೂ ಮಳೆಮಾಪಕಗಳಿವೆ. ಬರಪೀಡಿತವೆಂದು ಘೋಷಿಸುವಾಗ ಸರ್ಕಾರವು ನೋಡುವುದು ಮಳೆಯ ಅಂಕಿಗಳನ್ನೇ. ಬಿತ್ತಿ ಮುಗಿಲು ನೋಡುತ್ತ ಕುಳಿತ ಒಕ್ಕಲಿಗನಿಗೆ ಆ ಪುಸ್ತಕದ ಸೊನ್ನೆಗಳೇ ಸಾಕ್ಷಿ. ಅವನ್ನು ತಪ್ಪದೆ ಬರೆಯುವವರನ್ನು ತಾವೂ ಒಮ್ಮೆ ನೆನೆಯಬೇಕೆಂದು ನನ್ನ ಬಿನ್ನಹ.